ಕೈ ಎತ್ತುವ ಅಭ್ಯರ್ಥಿ

ಊರಿನ ನಲ್ಲಿಗಳಲ್ಲಿ ದಿನಾ ನೀರು ಬರುವಂತೆ ಮಾಡಿದ ತಪ್ಪಿಗೆ, ಪಂಚಾಯ್ತಿ ಅಧ್ಯಕ್ಷೆ ಪುಟ್ಟಲಿಂಗಮ್ಮನ ಮನೆಗೆ ಪಕ್ಷದ ಜಿಲ್ಲಾ ಮುಖಂಡರೇ ಹಾರ ಹಿಡಿದು ಬಂದರು. ಜಗಲಿ ಮುಂದೆ ಜನ ಸೇರಿತು.

"ಅಮ್ಮಾ, ಈ ಸಲ ಎಂಎಲ್ಎಗೆ ನೀವೇ ನಿಲ್ಲಬೇಕು. ಒಲ್ಲೆ ಅಂದರೆ ಈ ಅಧ್ಯಕ್ಷಗಿರಿಯೂ ಉಳಿಯಲ್ಲ!"

"ಆಗಲಿ ಸ್ವಾಮಿ. ಗೆದ್ದಮೇಲೆ ಮಾಡೋದೇನು?"

"ನಾವು ಹೇಳಿದಾಗ ಕೈ ಎತ್ತೋದು. ಬಾಯಿ ಮಾತ್ರ ಬಿಡಬಾರದು."

"ಊರಿನ ನೀರು?"

"ಅದೆಲ್ಲ ಸಣ್ಣವರ ಕೆಲಸ ಬಿಡಿ."

ಪುಟ್ಟಲಿಂಗಮ್ಮ ಹಾರವನ್ನು ಅವರ ಕೈಗೇ ವಾಪಸು ಕೊಟ್ಟಳು. "ಹಾಗಾದರೆ ನಮ್ಮ ರಾಗಿ ಹೊಲದ ಬೆದರುಬೊಂಬೆಯನ್ನ ಕರಕೊಂಡು ಹೋಗಿ. ಯಾವಾಗಲೂ ಎರಡೂ ಕೈ ಎತ್ತಿಕೊಂಡೇ ನಿಂತಿರುತ್ತೆ. ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ."

ಜನ ಬಿದ್ದು ಬಿದ್ದು ನಕ್ಕರು. ಮುಖಂಡರು ನಗಲಿಲ್ಲ. ಹೊಲದ ಕಡೆ ನೋಡಿ, ತುಸು ಯೋಚಿಸಿ, ಮೆಲ್ಲಗೆ ಕೇಳಿದರು:

"ಅದರದ್ದು ಯಾವ ಜಾತಿ?"