ಸರ್ಕಾರದ ಸೀಟಿ

ಜೀಪು ಕೆಟ್ಟಿದ್ದರಿಂದ ಮಹಿಳಾ ಕಲ್ಯಾಣ ಇಲಾಖೆಯ ಸಾಹೇಬರಾದ ನಂಜುಂಡಾರಾಧ್ಯರು ಅವತ್ತು ಸರ್ಕಾರಿ ಬಸ್ಸು ಹತ್ತಿದ್ದರು. ಪಕ್ಕದಲ್ಲೇ ಮಹಿಳಾ ಹಕ್ಕುಗಳ ಸಂಘದ ಅಧ್ಯಕ್ಷೆ ಪುಟ್ಟತಾಯಮ್ಮ ನಿಂತಿದ್ದರು.

"ನಿಮ್ಮ ಸಂಘಕ್ಕೆ ಇನ್ಮೇಲೆ ಅನುದಾನ ಇಲ್ಲ," ಅಂದರು ಸಾಹೇಬರು, ಬಸ್ಸಿಗೆಲ್ಲ ಕೇಳುವ ಹಾಗೆ. "ಸರ್ಕಾರದ ದುಡ್ಡು ತಗೊಂಡು ಸರ್ಕಾರದ ವಿರುದ್ಧವೇ ಧರಣಿ ಕೂರ್ತೀರಾ? ನಿಯತ್ತು ಬೇಡ್ವಾ?"

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಹೊನ್ನಮ್ಮ ಕೊರಳಲ್ಲಿದ್ದ ಸೀಟಿ ತೆಗೆದು ಜೇಬಿಗಿಳಿಸಿದಳು.

ಸಾಹೇಬರ ಆಫೀಸು ಬಂತು. ಹೋಯಿತು. ಸೀಟಿ ಕೇಳದೆ ಡ್ರೈವರ್ ನಿಲ್ಲಿಸುವವನಲ್ಲ.

ಸಾಹೇಬರು ಎದ್ದು ನಿಂತರು. "ಏನಮ್ಮಾ, ಸೀಟಿ ಊದಲ್ವಾ?"

"ಹೆಂಗೆ ಊದ್ಲಿ ಸಾರ್? ಕೊಟ್ಟಿದ್ದು ಸರ್ಕಾರ. ಇದು ನೋಡಿದ್ರೆ ಸರ್ಕಾರದ ಬಸ್ಸನ್ನೇ ನಿಲ್ಸು ಅನ್ನತ್ತೆ. ನಿಯತ್ತಿಲ್ಲದ್ದು."

ಬಸ್ಸಿಗೆ ಬಸ್ಸೇ ನಕ್ಕಿತು. ಕೆರೆ ಏರಿಯೂ ದಾಟಿತು. ಬಿಸಿಲಲ್ಲಿ ವಾಪಸು ನಡೆಯುವುದನ್ನು ನೆನೆದೇ ಸಾಹೇಬರು ಬೆವೆತರು.

"ಆಯ್ತು ತಾಯಿ, ಅನುದಾನ ನಿಲ್ಸಲ್ಲ. ಊದು."

ಹೊನ್ನಮ್ಮ ಊದಿದಳು. ಡ್ರೈವರ್ ಬೆಚ್ಚಿಬಿದ್ದು ಬ್ರೇಕ್ ಒತ್ತಿದ. ಸಾಹೇಬರು ಮುಗ್ಗರಿಸಿ ಪುಟ್ಟತಾಯಮ್ಮನ ಕಾಲ ಬಳಿ ಬಿದ್ದರು.

"ಇಷ್ಟು ಜೋರಾಗಿ ಊದ್ಬೇಕಿತ್ತಾ?"

ಹೊನ್ನಮ್ಮ ಕೈಕೊಟ್ಟು ಎಬ್ಬಿಸಿದಳು. "ಮೆಲ್ಲಗೆ ಊದಿದ್ರೆ ಸರ್ಕಾರದ ದುಡ್ಡು ದಂಡ ಅಲ್ವಾ ಸಾರ್?"