ಹದ ಎಂದ ಇಬ್ಬರು ಹೆಂಗಸರು

ಒಂದು ಪೇಟೆ ಊರಿನಲ್ಲಿ, ಅಕ್ಕಿ ಗಿರಣಿಯ ಎದುರಿಗೆ, ಒಂದು ಚಿಕ್ಕ ಚಿಕಿತ್ಸಾಲಯವಿತ್ತು. ಮೈಗೆ ಎಣ್ಣೆ, ಹೊಟ್ಟೆಗೆ ಕಷಾಯ, ಮನಸ್ಸಿಗೆ ನಾಲ್ಕು ಮಾತು, ಎಲ್ಲವೂ ಒಂದೇ ಕಡೆ ಸಿಗುತ್ತದೆ ಎಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರು. "ಇಲ್ಲಿ ರೋಗವನ್ನಷ್ಟೇ ಅಲ್ಲ, ಇಡೀ ಮನುಷ್ಯನನ್ನು ನೋಡುತ್ತೇವೆ" ಎಂದು ಬೋರ್ಡಿನ ಮೇಲೆ ಬರೆಸಿದ್ದರು. ಬೋರ್ಡು ದೊಡ್ಡದು. ಒಳಗೆ ಕೆಲಸ ಮಾಡುತ್ತಿದ್ದವರು ಮೂರೇ ಜನ.

ಡಾಕ್ಟರ್ ಮೃಣಾಲಿನಿ ನಾಡಿ ಹಿಡಿದು ಮದ್ದು ಬರೆಯುವವರು. ಕೆಂಚಪ್ಪ ಹಿತ್ತಲಲ್ಲಿ ಕಷಾಯ ಕುದಿಸುವವನು. ಎಣ್ಣೆ ಬೆಚ್ಚಗೆ ಮಾಡಿ ಕೊಡುವವನೂ ಅವನೇ. ಸಾಕಮ್ಮ ಹೆಂಗಸರಿಗೆ ಎಣ್ಣೆ ಹಚ್ಚಿ ಮೈ ನೀವುವವಳು. ಜನ ಬರುತ್ತಿದ್ದದ್ದು ಹೆಚ್ಚಾಗಿ ಸಾಕಮ್ಮನ ಕೈಗಾಗಿ. ಇದು ಡಾಕ್ಟರಿಗೂ ಗೊತ್ತಿತ್ತು. ಗೊತ್ತಿದ್ದೂ ಬೇಸರ ಮಾಡಿಕೊಳ್ಳದಷ್ಟು ವ್ಯವಹಾರ ಅವರಿಗೆ ತಿಳಿದಿತ್ತು.

ಎಣ್ಣೆ ಮೈಗೆ ಬೀಳುವ ಮುಂಚೆ ಅಲ್ಲೊಂದು ಕ್ರಮ. ಕೆಂಚಪ್ಪ ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿ, ಹೆಂಗಸರ ಕೋಣೆಯ ಬಾಗಿಲಲ್ಲಿ ಇಟ್ಟು ಹೋಗುವನು. ಸಾಕಮ್ಮ ಬೆರಳು ಅದ್ದಿ ನೋಡುವಳು. ಆಮೇಲೆ ರೋಗಿಯ ಮೈಮೇಲೆ ಸ್ವಲ್ಪವೇ ಬಿಟ್ಟು, "ಹದವಾ?" ಎಂದು ಕೇಳುವಳು. ರೋಗಿ "ಹದ" ಅಂದ ಮೇಲೆಯೇ ಮುಂದಿನ ಕೆಲಸ. ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯಲಿ ಎಂದು ಡಾಕ್ಟರು ಮಾಡಿದ್ದ ಕ್ರಮ. ಕ್ರಮವೇನೋ ಒಳ್ಳೆಯದೇ. ಆದರೆ ಅದು ನಡೆಯುವುದು ಇಬ್ಬರಲ್ಲಿ ಒಬ್ಬರಾದರೂ ನಿಜ ಹೇಳಿದರೆ ಮಾತ್ರ.

ಆ ವರ್ಷ ಚಳಿಗಾಲ ಕಳೆಯುವಷ್ಟರಲ್ಲಿ ಸಾಕಮ್ಮನ ಬೆರಳ ತುದಿಗಳು ಮರಗಟ್ಟಿದವು. ಮೊದಲು ಜೋಮು ಹಿಡಿದಂತೆ ಆಯಿತು. ಆಮೇಲೆ ಇಡೀ ಕೈಗೇ ಬಿಸಿ ಯಾವುದು, ತಣ್ಣಗೆ ಯಾವುದು ಎಂದು ತಿಳಿಯುವುದೇ ನಿಂತುಹೋಯಿತು. ಒಂದು ದಿನ ಅವಳು ಕುದಿಯುವ ಕಷಾಯದ ಲೋಟವನ್ನು ಬಟ್ಟೆಯಿಲ್ಲದೆ ಎತ್ತಿದಳು.

"ಸಾಕಕ್ಕ, ನಿಂದು ಕೈಯಾ, ಇಕ್ಕಳಾನಾ?" ಎಂದು ಕೆಂಚಪ್ಪ ನಕ್ಕ.

"ನಿನ್ನ ಹಾಗೆ ಬೆಣ್ಣೆ ಕೈ ಇಟ್ಕೊಂಡಿದ್ರೆ ಈ ಕೆಲಸ ನಡೆಯುತ್ತೇನೋ?" ಎಂದು ಅವಳೂ ನಕ್ಕಳು. ಲೋಟ ಕೆಳಗಿಟ್ಟ ಮೇಲೆ ಕೆಂಪಾದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಡಾಕ್ಟರಿಗೆ ಹೇಳಬಹುದಿತ್ತು. ಗೋಡೆಯಾಚೆಗೇ ಕೂತಿದ್ದರು. ಆದರೆ ಸಾಕಮ್ಮ ಒಂದು ಸಂಗತಿ ಕಣ್ಣಾರೆ ಕಂಡಿದ್ದಳು. ಅವಳಿಗಿಂತ ಮುಂಚಿನಿಂದ ಅಲ್ಲಿ ಮೈ ನೀವುತ್ತಿದ್ದ ಪುಟ್ಟತಾಯಿ ಎಂಬವಳು ಇದ್ದಳು. "ಸೊಂಟ ಹಿಡ್ಕೊಳ್ಳುತ್ತೆ ಡಾಕ್ಟ್ರಮ್ಮ" ಎಂದು ಬಾಯಿಬಿಟ್ಟು ಹೇಳಿದ ಪುಟ್ಟತಾಯಿಗೆ ಡಾಕ್ಟರು ಹೊಸ ಸೀರೆ ಕೊಟ್ಟು, ಹೂ ಮುಡಿಸಿ, ಗೌರವದಿಂದಲೇ ಮನೆಗೆ ಕಳಿಸಿದ್ದರು. ಸೀರೆ ಚೆನ್ನಾಗಿತ್ತು. ಕೆಲಸ ಹೋಗಿತ್ತು.

ಸಾಕಮ್ಮ ಮಗಳ ಮನೆಯಲ್ಲಿದ್ದಳು. ಸಂಬಳ ತರುವಷ್ಟು ದಿನ ತಾನು ಆ ಮನೆಗೆ ಅಮ್ಮ, ನಿಂತರೆ ಒಂದು ಹೆಚ್ಚಿನ ತಟ್ಟೆ ಎಂದು ಅವಳ ಎಣಿಕೆ. ಅದಕ್ಕಿಂತ ಹೆಚ್ಚಾಗಿ, ಊರಿನ ಹೆಂಗಸರೆಲ್ಲ "ಸಾಕಮ್ಮನ ಕೈ" ಅನ್ನುತ್ತಿದ್ದರು. ಆ ಕೈಯೇ ಹೋಯಿತು ಎಂದು ತನ್ನ ಬಾಯಿಂದ ತಾನೇ ಹೇಗೆ ಹೇಳುವುದು? ಸುಮ್ಮನಿದ್ದಳು. ಹೇಗೂ ರೋಗಿ ಹೇಳುತ್ತಾರಲ್ಲ, ಹದ ಇದೆಯೋ ಇಲ್ಲವೋ ಎಂದು ಧೈರ್ಯ ತಂದುಕೊಂಡಳು.

ಆ ದಿನಗಳಲ್ಲೇ ಅಲ್ಲಿಗೆ ವಾಸವಮ್ಮ ಬರತೊಡಗಿದ್ದು. ಪಾತ್ರೆ ಅಂಗಡಿ ಅಶ್ವತ್ಥ ಶೆಟ್ಟರ ಹೆಂಡತಿ. ಲಕ್ವ ಹೊಡೆದು ಬಲಗಡೆ ಸೋತಿತ್ತು. ಕೋಲು ಹಿಡಿದು ಕಾಲೆಳೆದು ನಡೆಯುವಷ್ಟಾಗಿತ್ತು. ಆದರೆ ಬಲಗಾಲಿಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ.

ಡಾಕ್ಟರು ಪ್ರತಿ ಸಲವೂ ಕಣ್ಣು ಮುಚ್ಚಿಸಿ, ಕಾಲನ್ನು ಮುಟ್ಟಿ, "ತಿಳೀತಾ?" ಎಂದು ಕೇಳುತ್ತಿದ್ದರು. ವಾಸವಮ್ಮ ರೆಪ್ಪೆಯ ಸಂದಿನಿಂದ ನೋಡಿಕೊಂಡು, "ತಿಳೀತು, ಮೊಣಕಾಲ ಕೆಳಗೆ" ಎಂದು ಸರಿಯಾಗಿಯೇ ಹೇಳುತ್ತಿದ್ದರು.

"ಪರವಾಗಿಲ್ವೇ, ಬೇಗ ಸುಧಾರಿಸ್ತಾ ಇದೀರಿ!" ಎಂದು ಡಾಕ್ಟರಿಗೆ ಸಂತೋಷ.

ವಾಸವಮ್ಮ ಯಾಕೆ ಹೀಗೆ ಮಾಡಿದರು? "ಗುಣ ಕಂಡರೆ ಮುಂದುವರಿಸೋಣ, ಇಲ್ಲದಿದ್ದರೆ ಸುಮ್ಮನೆ ಓಡಾಟ ಯಾಕೆ" ಎಂದು ಶೆಟ್ಟರು ಹೇಳಿದ್ದರು. ಶೆಟ್ಟರ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ವಾಸವಮ್ಮನಿಗೆ ಮನೆಯಿಂದ ಹೊರಗೆ ಬರಲು ಇದ್ದ ದಾರಿ ಅದೊಂದೇ. ಕಾಯಿಲೆ ಬಿದ್ದ ಮೇಲೆ ನೋಡಲು ಬಂದವರೆಲ್ಲ ಅಯ್ಯೋ ಪಾಪ ಅನ್ನುವವರೇ. ಹಾಗನ್ನದೆ ಮಾತಾಡುತ್ತಿದ್ದವಳು ಸಾಕಮ್ಮ ಒಬ್ಬಳು.

"ಏನಮ್ಮೋರೆ, ಇವತ್ತು ಕೋಲು ಬಿಟ್ಟು ಓಡ್ಕೊಂಡು ಬಂದ್ರಾ?"

"ಹೂಂ ಕಣೇ, ನಿಮ್ಮ ಕೆಂಚಪ್ಪನ ಕಷಾಯದ ವಾಸನೆಗೆ ನಿಂತಿರೋ ಬಸ್ಸೂ ಓಡುತ್ತೆ."

ಹೀಗೆ ಇಬ್ಬರೂ ಆ ಕೋಣೆಯೊಳಗೆ ನಗುತ್ತಿದ್ದರು. ಒಬ್ಬಳಿಗೆ ಕೈಯಲ್ಲಿ ತಿಳಿಯದು, ಇನ್ನೊಬ್ಬರಿಗೆ ಕಾಲಲ್ಲಿ ತಿಳಿಯದು. ಹೇಳಿಬಿಟ್ಟರೆ ಈ ಕೋಣೆ ತಪ್ಪಿಹೋಗುತ್ತದೆ ಎಂಬ ಒಂದೇ ಹೆದರಿಕೆ ಇಬ್ಬರಿಗೂ. ಒಬ್ಬರ ಹೆದರಿಕೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆಂಚಪ್ಪ ಬಾಗಿಲಲ್ಲಿ ಬಟ್ಟಲು ಇಟ್ಟುಹೋದ. ಸಾಕಮ್ಮ ಬೆರಳು ಅದ್ದಿದಳು. ಏನೂ ತಿಳಿಯಲಿಲ್ಲ. ಬಲಗಾಲ ಮೀನಖಂಡದ ಮೇಲೆ ಸ್ವಲ್ಪ ಬಿಟ್ಟು ಕೇಳಿದಳು.

"ಹದವಾ ಅಮ್ಮೋರೆ?"

"ಹದ ಕಣೇ. ಹಾಯಾಗಿದೆ."

ಸಾಕಮ್ಮ ಉಳಿದದ್ದನ್ನೂ ಸುರಿದಳು. ಎಂದಿನಂತೆ ಮಾತಾಡುತ್ತಾ ನೀವಿದಳು. ಮುಗಿಸಿ ಒರೆಸುವಾಗ ನೋಡುತ್ತಾಳೆ, ಚರ್ಮ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿದೆ. ವಾಸವಮ್ಮ ಮಾತ್ರ ಸೊಸೆ ಮಾಡಿದ ಉಪ್ಪಿಟ್ಟಿನ ಕಥೆ ಹೇಳುತ್ತಲೇ ಇದ್ದಾರೆ.

ಸಾಕಮ್ಮನ ಕೈ ಅಲ್ಲೇ ನಿಂತಿತು. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಸೀರೆ ಇಳಿಬಿಟ್ಟರೆ ಮುಗಿಯಿತು. ಮನೆಗೆ ಹೋದ ಮೇಲೆ ಕಂಡರೆ ತಪ್ಪು ಬಚ್ಚಲ ಬಿಸಿನೀರಿನ ಮೇಲೆ ಹೋಗುತ್ತದೆ. ಹಾಗೆ ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಸೀರೆಯ ಅಂಚನ್ನು ಹಿಡಿದೂ ಇದ್ದಳು. ಬಿಟ್ಟು, ಬಾಗಿಲಿಗೆ ಓಡಿ ಕೂಗಿದಳು.

"ಡಾಕ್ಟ್ರಮ್ಮ, ಬೇಗ ಬನ್ನಿ! ಅಮ್ಮೋರ ಕಾಲು ಸುಟ್ಟುಬಿಟ್ಟೆ!"

ಡಾಕ್ಟರು ಓಡಿಬಂದರು. ಕಾಲನ್ನು ತಣ್ಣೀರಿಗೆ ಹಿಡಿದರು, ಒಂದು ಗಳಿಗೆಯಲ್ಲ, ಬಹಳ ಹೊತ್ತು. ಶುದ್ಧವಾದ ಬಟ್ಟೆ ಹೊದಿಸಿದರು. ತಾವೇ ಆಟೋ ಹತ್ತಿಸಿಕೊಂಡು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿದರು. ಗಾಯ ಮೇಲುಮೇಲಿನದು, ಮಾಯುತ್ತದೆ ಎಂದು ಅಲ್ಲಿ ಹೇಳಿದರು. ಆ ಹೊತ್ತಿಗೆ ಶೆಟ್ಟರಿಗೆ ಸುದ್ದಿ ಮುಟ್ಟಿತ್ತು. ಇವರು ವಾಪಸ್ಸು ಬರುವಷ್ಟರಲ್ಲಿ ಅವರು ಚಿಕಿತ್ಸಾಲಯದ ಬೆಂಚಿನ ಮೇಲೆ ಕೂತಿದ್ದರು.

"ಎಣ್ಣೆ ಕಾಯಿಸಿದ್ದು ಯಾರು?" ಎಂದು ಶೆಟ್ಟರು ಕೇಳಿದರು.

"ನಾನೇ ಯಜಮಾನ್ರೇ. ದಿನಾ ಇಡೋ ಹಾಗೇ ಬಿಸಿನೀರಲ್ಲೇ ಇಟ್ಟಿದ್ದೆ" ಎಂದ ಕೆಂಚಪ್ಪ. ನೆಲ ನೋಡುತ್ತಲೇ ಹೇಳಿದ.

"ತಪ್ಪು ನಂದೇ" ಎಂದಳು ಸಾಕಮ್ಮ. "ಬೆರಳಿಗೆ ಬಿಸಿ ತಿಳಿಯೋದು ನಿಂತು ಬಹಳ ದಿನ ಆಯ್ತು. ಹೇಳ್ಲಿಲ್ಲ."

ಆಗ ವಾಸವಮ್ಮ ಕೋಲು ಊರಿಕೊಂಡು ಮುಂದೆ ಬಂದರು. "ಅವಳೊಬ್ಬಳದೇ ಅಲ್ಲ ರೀ. ನನ್ನ ಕಾಲಿಗೂ ಏನೂ ತಿಳಿಯಲ್ಲ. ಹದ ಅಂದೋಳು ನಾನೇ. ದಿನಾ ಡಾಕ್ಟ್ರಿಗೂ ಸುಳ್ಳು ಹೇಳ್ತಿದ್ದೆ."

ಸಾಕಮ್ಮ ತಿರುಗಿ ನೋಡಿದಳು. "ನಿಮಗೂ ತಿಳಿಯಲ್ವಾ?"

"ನಿನಗೂ ತಿಳಿಯಲ್ವೇನೇ?"

ಅಷ್ಟು ಸಂಕಟದಲ್ಲೂ ಇಬ್ಬರಿಗೂ ನಗು ಬಂತು. ನಗುತ್ತಲೇ ಇಬ್ಬರ ಕಣ್ಣೂ ತುಂಬಿತು.

ಶೆಟ್ಟರಿಗೆ ನಗು ಬರಲಿಲ್ಲ. "ಡಾಕ್ಟ್ರೇ, ನನ್ನ ಹೆಂಡ್ತಿ ಕಾಯಿಲೆಯವಳು, ಬಿಡಿ. ಈ ಸಾಕಮ್ಮ ಸಂಬಳ ತಗೊಳ್ಳೋರು. ಇವರನ್ನ ಇವತ್ತೇ ಮನೆಗೆ ಕಳಿಸಿ. ಇಲ್ಲಾಂದ್ರೆ ಪೇಟೇಲಿ ನಾನು ಸುಮ್ಮನಿರೋನಲ್ಲ."

ಡಾಕ್ಟರು ಸಾಕಮ್ಮನ ಕಡೆ ತಿರುಗಿದರು. "ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಸೀರೆ ಕೊಟ್ಟು ಕಳಿಸ್ತಿದ್ರಿ ಡಾಕ್ಟ್ರಮ್ಮ."

ನಿಜ ಎಂದು ಡಾಕ್ಟರು ತಲೆಯಾಡಿಸಿದರು. ಆಮೇಲೆ ಶೆಟ್ಟರ ಕಡೆ ತಿರುಗಿ ಕೇಳಿದರು.

"ಶೆಟ್ಟರೇ, ನಿಮ್ಮ ಅಂಗಡೀಲಿ ಒಂದು ಕೊಡ ಕೆಳಗೆ ಬಿದ್ದು ತೂತಾದ್ರೆ, ಕೆಲಸದೋರು ಬಂದು ಹೇಳ್ತಾರಾ?"

"ಎಲ್ಲಿ ಹೇಳ್ತಾರೆ! ಸಾಲಿನ ಹಿಂದೆ ಸೇರಿಸಿಬಿಡ್ತಾರೆ. ಯಾರೋ ಗಿರಾಕಿ ತಗೊಂಡು ಹೋಗಿ, ಮದುವೆ ಮನೇಲಿ ಸೋರಿ, ತಂದು ನನ್ನ ಮುಖಕ್ಕೆ ಹಿಡೀತಾರೆ."

"ಯಾಕೆ ಹೇಳಲ್ಲ?"

"ಹೇಳಿದ್ರೆ ನಾನು ಸಂಬಳದಲ್ಲಿ ಹಿಡೀತೀನಲ್ಲ!" ಅಂದುಬಿಟ್ಟರು ಶೆಟ್ಟರು. ವ್ಯಾಪಾರಸ್ಥರು. ಒಂದು ಕೊಡದ ಬೆಲೆ ಎಷ್ಟು, ಗಿರಾಕಿ ಕೈತಪ್ಪಿದರೆ ನಷ್ಟ ಎಷ್ಟು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರು ಹೇಳಿದರು: "ಇವರು ಇವತ್ತು ಸೀರೆ ಇಳಿಬಿಟ್ಟು ಸುಮ್ಮನಿರಬಹುದಿತ್ತು. ಕೂಗಿ ಹೇಳಿದ್ರು. ಈಗ ಕಳಿಸಿಬಿಟ್ರೆ ಇನ್ನು ಮುಂದೆ ಈ ಮನೇಲಿ ಯಾರೂ ಕೂಗಲ್ಲ. ಆಗ ನಿಮ್ಮ ಹೆಂಡ್ತೀನ ಯಾವ ಧೈರ್ಯದ ಮೇಲೆ ಇಲ್ಲಿಗೆ ಕಳಿಸ್ತೀರಿ? ಪೇಟೇಲಿ ಹೇಳೋದಿದ್ರೆ ಹೇಳಿ. ಆದ್ರೆ ಸಾಕಮ್ಮ ಇಲ್ಲೇ ಇರ್ತಾರೆ."

ಶೆಟ್ಟರು ಹೆಂಡತಿಯ ಮುಖ ನೋಡಿದರು. "ಇಷ್ಟೊಂದು ಸುಳ್ಳು ಯಾಕೆ ಹೇಳಿದೆ ನೀನು?"

"ಗುಣ ಇಲ್ಲ ಅಂದ್ರೆ ನಿಲ್ಲಿಸ್ತೀನಿ ಅಂದಿದ್ರಲ್ಲ. ನನಗೆ ಕಾಲಿಗಿಂತ ಇವಳ ಹತ್ರ ಬರೋದು ಬೇಕಿತ್ತು."

ಶೆಟ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಎಷ್ಟು ಒರೆಸಿದರೂ ಮುಗಿಯಲಿಲ್ಲ. ಕೊನೆಗೆ, "ಅದನ್ನೇ ಹೇಳಿದ್ರೆ ಆಗ್ತಿರಲಿಲ್ವಾ, ಪುಣ್ಯಾತ್ಗಿತ್ತಿ" ಎಂದು ಹೆಂಡತಿಯ ಸೋತ ಕೈಯನ್ನು ಹಿಡಿದು ಆಟೋದ ಕಡೆ ನಡೆಸಿದರು. ಮೆಟ್ಟಿಲ ಬಳಿ ನಿಂತು, ಹಿಂದೆ ತಿರುಗದೆಯೇ, "ಗಾಯ ವಾಸಿಯಾದ ಮೇಲೆ ಕರ್ಕೊಂಡು ಬರ್ತೀನಿ" ಅಂದರು.

ಅವರು ಹೋದ ಮೇಲೆ ಡಾಕ್ಟರು ಸಾಕಮ್ಮನನ್ನು ತಮ್ಮ ಎದುರಿಗೆ, ರೋಗಿಗಳು ಕೂರುವ ಕುರ್ಚಿಯ ಮೇಲೆ ಕೂರಿಸಿದರು. ಅಷ್ಟು ವರ್ಷದಲ್ಲಿ ಅವಳು ಆ ಕುರ್ಚಿಯ ಧೂಳು ಒರೆಸಿದ್ದಳು, ಕೂತಿರಲಿಲ್ಲ. ಡಾಕ್ಟರು ಅವಳ ಕೈ ಹಿಡಿದು ಒಂದೊಂದೇ ಬೆರಳನ್ನು ಒತ್ತಿ ನೋಡಿದರು. ನಿದ್ದೆ ಬರುತ್ತಾ, ಬಾಯಾರಿಕೆ ಹೆಚ್ಚಾ, ಮನೆಯಲ್ಲಿ ಹೇಗಿದೆ ಎಂದು ಕೇಳಿದರು. ದಿನಾ ಎಲ್ಲರನ್ನೂ ಕೇಳುವ ಪ್ರಶ್ನೆಗಳೇ. ಮೂರನೆಯದಕ್ಕೆ ಸಾಕಮ್ಮ ಅತ್ತಳು.

ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಔಷಧಿ ಶುರುವಾಯಿತು. ಬೆರಳು ಮೊದಲಿನಂತೆ ಆಗುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿರಲಿಲ್ಲ. "ಗೊತ್ತಿಲ್ಲ ಸಾಕಮ್ಮ, ನೋಡೋಣ" ಎಂದೇ ಹೇಳಿದರು. ಅಂದಿನಿಂದ ಎಣ್ಣೆಯ ಬಿಸಿ ನೋಡುವ ಕೆಲಸ ಡಾಕ್ಟರದು. ನೀವುವುದು ಸಾಕಮ್ಮನದು. ಕೈಗೆ ಹದ ತಿಳಿಯದಿದ್ದರೂ ಅಂಗೈಯ ಬಲ ಹಾಗೆಯೇ ಇತ್ತು. ಪುಟ್ಟತಾಯಿಯ ಮನೆಗೂ ಡಾಕ್ಟರು ಹೋಗಿಬಂದರು. ಕೂತು ಮಾಡುವ ಕೆಲಸ, ಬೇರು ನಾರು ಆರಿಸಿಕೊಡುವುದು, ಅವಳಿಗೆ ಸಿಕ್ಕಿತು.

ಆ ವಾರದಲ್ಲೇ ಒಂದು ಬೆಳಿಗ್ಗೆ, ಡಾಕ್ಟರು ಬಾಗಿಲು ತೆಗೆಯುವಾಗ ಕೆಂಚಪ್ಪ ಮೆಟ್ಟಿಲ ಮೇಲೆ ಕಾದು ಕೂತಿದ್ದ. ಎದ್ದು ನಿಂತ. ಟವೆಲನ್ನು ಕೈಯಲ್ಲಿ ಹಿಂಡುತ್ತಿದ್ದ.

"ಡಾಕ್ಟ್ರಮ್ಮ, ಒಂದು ಮಾತು. ಅವತ್ತು ನಾನು ಎಣ್ಣೆ ಬಿಸಿನೀರಲ್ಲಿ ಇಟ್ಟಿರಲಿಲ್ಲ. ಹೊತ್ತಾಗಿತ್ತು ಅಂತ ನೇರ ಉರಿ ಮೇಲೇ ಇಟ್ಟೆ. ಎಲ್ಲಾನೂ ಸಾಕಕ್ಕ ತನ್ನ ಮೇಲೆ ಹಾಕ್ಕೊಂಡ್ಲು. ನಾನು ಸುಮ್ಮನಿದ್ದುಬಿಟ್ಟೆ."

ಡಾಕ್ಟರ ಮುಖ ಕೆಂಪಾಯಿತು. "ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೇಳಲು ಬಾಯಿ ತೆರೆದರು. ಕೇಳಲಿಲ್ಲ. ಉತ್ತರ ಅವರಿಗೆ ಗೊತ್ತಿತ್ತು.

"ಇವತ್ತು ಹೇಳಿದೆಯಲ್ಲ. ಹೋಗಿ ಸಾಕಮ್ಮನಿಗೂ ಹೇಳು" ಅಂದರು. "ಹೇಳಿ ಬಂದು ಒಲೆ ಹಚ್ಚು."

ನೀತಿ: ನಿಜ ಹೇಳಿದವರಿಗೇ ನಷ್ಟವಾಗುವ ಮನೆಯಲ್ಲಿ ಎಲ್ಲರೂ "ಎಲ್ಲ ಸರಿಯಿದೆ" ಎಂದೇ ಹೇಳುತ್ತಾರೆ. ಮನೆಯಾಗಲಿ, ಅಂಗಡಿಯಾಗಲಿ, ಆಸ್ಪತ್ರೆಯಾಗಲಿ, ಯಜಮಾನರಾದವರು ತಪ್ಪು ಒಪ್ಪಿಕೊಂಡವರಿಗೆ ಮೊದಲು ಕೂರಲು ಜಾಗ ಕೊಡಬೇಕು. ಬೇರೆಯವರ ನೋವು ನೋಡಿಕೊಳ್ಳುವವರ ನೋವನ್ನೂ ಯಾರಾದರೊಬ್ಬರು ಕೇಳಬೇಕು.