ಬಿದಿರು ಒಂದೇ ಸಲ ಹೂ ಬಿಟ್ಟು ಹೋಗುವುದೇಕೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಸಾಯುವುದು ಹೇಗೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅಜ್ಜ ಇದ್ದ, ಅವನಜ್ಜ ಇದ್ದ, ಅವನಜ್ಜನ ಅಜ್ಜನೂ ಇದ್ದ. ಎಲ್ಲರಿಗೂ ಭರ್ಜರಿ ಹಸಿವು ಬೇರೆ!

ಊಟಕ್ಕೆ ಹಿರಿಯರಿಗೇ ಮೊದಲು ಬಡಿಸಬೇಕು, ಅದು ಪದ್ಧತಿ. ಹಿರಿಯರ ಸಾಲು ಗುಡ್ಡ ಹತ್ತಿ ಇಳಿಯುತ್ತಿತ್ತು. ಸೌಟು ಕೊನೆಗೆ ಬರುವಷ್ಟರಲ್ಲಿ ಗಡಿಗೆಯ ತಳ ಕೆರೆದಾಗಿರುತ್ತಿತ್ತು.

ಆ ಕೊನೆಯಲ್ಲಿ ಬುಟ್ಟಿ ಹೆಣೆಯುವ ಸಾಕವ್ವ ಕೂರುತ್ತಿದ್ದಳು. ವಯಸ್ಸು ಬರೀ ಒಂಬೈನೂರು. ಆ ಸಾಲಿನಲ್ಲಿ ಅವಳೂ ಹುಡುಗಿಯೇ. ಅವಳ ಮಡಿಲಲ್ಲಿ ಮರಿಮೊಮ್ಮಗಳು ಚೆಲುವಿ. ಮೂರು ದಿನದಿಂದ ಆ ಮಗುವಿನ ಬಾಯಿಗೆ ಒಂದಗುಳು ಬಿದ್ದಿರಲಿಲ್ಲ. ಈಗ ಅಳುವುದನ್ನೂ ನಿಲ್ಲಿಸಿತ್ತು.

ಬಿದಿರಿನ ಎಳೆ ಮೊಳಕೆ, ಕಳಲೆಯಾದರೂ ಸಿಕ್ಕೀತೆಂದು ಸಾಕವ್ವ ಬಿದಿರ ಮೆಳೆಗೆ ಓಡಿದಳು. ಒಂದೂ ಇಲ್ಲ.

"ಏನೋ ಬಿದಿರಣ್ಣ, ನಿನ್ನ ಮಕ್ಕಳೆಲ್ಲೋ?"

"ಮಣ್ಣೊಳಗೇ ಅಳ್ತಾ ಇದಾವೆ ಕಣವ್ವ. ಮೇಲೆ ಬರೋಕೆ ಜಾಗ ಎಲ್ಲಿ? ಎಲ್ಲಾ ಕಡೆ ನಾನೇ ನಿಂತಿದ್ದೀನಲ್ಲ!"

"ಹಾಗಾದ್ರೆ ಜರುಗು ಮಾರಾಯ," ಮೆಳೆಯಲ್ಲಿ ಸುಳಿಯುತ್ತಿದ್ದ ಗಾಳಿ ನಕ್ಕಿತು.

"ಎಲ್ಲಿಗೆ?"

ಗಾಳಿಗೂ ಗೊತ್ತಿರಲಿಲ್ಲ.

"ಹೆದರಿಕೆ ಆಗ್ತದೆ ಸಾಕವ್ವ," ಎಂದಿತು ಬಿದಿರು.

"ನೀ ಮುಂದೆ ನಡಿ. ಹಿಂದೇನೇ ನಾನೂ ಬರ್ತೀನಿ."

ಆಗ ಬಿದಿರು ಹೂ ಬಿಟ್ಟಿತು. ಯಾರೂ ಕಂಡಿರದ ಹೂ. ಗುಡ್ಡಕ್ಕೆ ಗುಡ್ಡವೇ ಹೂ. ಹೂವೆಲ್ಲ ಅಕ್ಕಿಯಾಗಿ ಸೋ ಎಂದು ಸುರಿಯಿತು. ಸುರಿದು ಸುರಿದು ಮೆಳೆ ಹಳದಿಯಾಗಿ, ನಿಂತಲ್ಲೇ ಮೌನವಾಯಿತು. ನೆಲದ ಮೇಲೆ ಮೊದಲ ಬಿಸಿಲು ಬಿತ್ತು. ಸಾಕವ್ವ ಕೈ ಮುಗಿದಳು. ಯಾರಿಗೆಂದು ಅವಳಿಗೂ ತಿಳಿಯಲಿಲ್ಲ.

ಬಿದಿರಕ್ಕಿ ಬೇಯಿಸಿ ಮೊದಲ ತುತ್ತನ್ನು ಚೆಲುವಿಯ ಬಾಯಿಗಿಟ್ಟಳು.

"ಲೇ, ಸಾಲು ತಪ್ಪಿಸಬೇಡ!" ಎಲ್ಲರಿಗಿಂತ ಹಿರಿಯಜ್ಜ ಗದರಿದ.

"ಮೂರು ಸಾವಿರ ವರ್ಷ ಉಂಡೆಯಲ್ಲೋ ತಾತ, ಇನ್ನೂ ಹೊಟ್ಟೆ ತುಂಬಲಿಲ್ವಾ?"

ಚೆಲುವಿ ಚಪ್ಪರಿಸುವುದನ್ನು ನೋಡಿ ತಾತ ತನ್ನ ಎಲೆಯನ್ನು ಹಿಂದಕ್ಕೆ ಸರಿಸಿಕೊಂಡ.

ಸಾಕವ್ವ ಒಣಗಿದ ಬಿದಿರು ತಂದು ಮಗುವಿಗೊಂದು ತೊಟ್ಟಿಲು ಕಟ್ಟಿದಳು. ಆಮೇಲೆ ಏಣಿಯಂಥದ್ದೊಂದು ಕಟ್ಟಿದಳು.

"ಇದೇನವ್ವ?" ಎಂದರು ಎಲ್ಲರೂ.

"ಬಿದಿರಣ್ಣನಿಗೆ ಮಾತು ಕೊಟ್ಟಿದ್ದೀನಿ," ಎಂದು ಅದರ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ. ಹಿರಿಯರು ಊಟದ ಸಾಲಿನಿಂದೆದ್ದು, ಸದ್ದಿಲ್ಲದೆ ಅವಳನ್ನು ಹೊತ್ತರು.

ಅಂದಿನಿಂದ ಬಿದಿರು ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು, ಅಕ್ಕಿ ಸುರಿಸಿ, ನಿಂತಲ್ಲೇ ಒಣಗುತ್ತದೆ. ನೀನು ಮಲಗಿದ್ದ ತೊಟ್ಟಿಲೂ ನಿಮ್ಮಜ್ಜ ಮಲಗಿ ಹೋದ ಚಟ್ಟವೂ ಬಿದಿರಿನದೇ ಆಗಿದ್ದುದು ಅದಕ್ಕೇ.